ತೇಗದ ಚೌಕಟ್ಟಿಗೆ ಎರಡು ಮೊಳೆ

ಜಯಲಕ್ಷ್ಮಿಪುರಂನ ಆ ಅಡ್ಡರಸ್ತೆಯಲ್ಲಿ ಪ್ರೇಮಲೀಲಮ್ಮನವರ ಕಣ್ಣಿಗೆ ಬಿದ್ದ ತೆಂಗಿನ ಚಿಪ್ಪು ನೆಟ್ಟಗೆ ಕಸದ ಗಾಡಿ ಸೇರಿದ್ದನ್ನು ಕಂಡವರಿಲ್ಲ. ಅವರು ಅದನ್ನು ಎತ್ತಿಕೊಂಡು ಹೋಗಿ, ಗಾಜಿನ ಚೂರಿನಿಂದ ನಾರೆಲ್ಲ ಕೆರೆದು, ಕೊಬ್ಬರಿ ಎಣ್ಣೆ ಹಾಕಿ ಮಿರಮಿರ ಮಿಂಚುವಂತೆ ಉಜ್ಜಿ, ವಾರದೊಳಗೆ ದೀಪದ ಬಟ್ಟಲೋ ನವಿಲೋ ಮಾಡಿ ಯಾರಾದರೊಬ್ಬರ ಕೈಗೆ ಇಟ್ಟುಬಿಡುತ್ತಿದ್ದರು. ಹರಿದ ಸೀರೆ ಕಾಲೊರಸು ಆಗುತ್ತಿತ್ತು. ಭತ್ತದ ತೆನೆ ಬಾಗಿಲಿಗೆ ಇಳಿಬಿಡುವ ಕುಚ್ಚಾಗುತ್ತಿತ್ತು. ಹುಣಸೆಬೀಜ, ಒಣಗಿದ ಸೋರೆ ಬುರುಡೆ, ಜೋಳದ ಸಿಪ್ಪೆ, ಯಾವುದಕ್ಕೂ ಆ ಮನೆಯಲ್ಲಿ ಸುಖವಾಗಿ ಸಾಯುವ ಭಾಗ್ಯವಿರಲಿಲ್ಲ. ಅವರ ಯಜಮಾನರು ಪ್ರಭುಸ್ವಾಮಿಗಳು ಹಲ್ಲುಜ್ಜುವ ಹಳೆಯ ಬ್ರಷ್ ಬಿಸಾಡುವ ಮೊದಲು ಹೆಂಡತಿ ಮನೆಯಲ್ಲಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಮಾಡುವುದು ಸುಲಭ, ಮಾಡಿದ್ದನ್ನು ನೇತುಹಾಕಲು ಗೋಡೆ ಬೇಕಲ್ಲ. ಅವರ ಮನೆಯ ಗೋಡೆಗಳು ತುಂಬಿ ವರ್ಷಗಳೇ ಆಗಿದ್ದವು. ನೆಂಟರು ಬುದ್ಧಿವಂತರಾಗಿಬಿಟ್ಟಿದ್ದರು. ಬಂದ ಕೂಡಲೇ, ಇವತ್ತು ಬಸ್ಸಿನಲ್ಲಿ ಬಂದಿದ್ದೇವೆ, ವಾಪಸ್ಸು ಹೋಗುವಾಗ ಏನನ್ನೂ ಹೊರಲಾಗದು ಎಂದು ಕಾಫಿ ಕುಡಿಯುವ ಮೊದಲೇ ಹೇಳಿಬಿಡುತ್ತಿದ್ದರು. ಹಾಗಾಗಿ ಉಳಿದದ್ದು ಮಹಡಿ ಮನೆ.

ಮಹಡಿ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬಾಡಿಗೆಗೆ ಇದ್ದವಳು ಚಾಮುಂಡೇಶ್ವರಿ. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ವಿಜಯ್‌ಕುಮಾರನ ಕೈ ಹಿಡಿದು, ಮದುವೆಯಾದ ಹದಿನಾರನೇ ದಿನಕ್ಕೆ ಆ ಮೆಟ್ಟಿಲು ಹತ್ತಿದ್ದಳು. ಮಗಳು ತನುಶ್ರೀ ಹುಟ್ಟಿದ್ದು, ನಡೆಯಲು ಕಲಿತದ್ದು, ಈಗ ಪಿಯುಸಿ ಓದುತ್ತಿರುವುದು ಎಲ್ಲ ಅಲ್ಲೇ. ಆ ಮನೆಯ ವಿಷಯದಲ್ಲಿ ಪ್ರಭುಸ್ವಾಮಿಗಳದ್ದು ಒಂದೇ ಷರತ್ತು: ಗೋಡೆಗೆ ಮೊಳೆ ಹೊಡೆಯಕೂಡದು. ಇಟ್ಟಿಗೆ ಇಟ್ಟಿಗೆಗೂ ತಾವೇ ನಿಂತು ನೀರು ಹಾಕಿಸಿ ಕಟ್ಟಿಸಿದ ಮನೆ ಅದು. ಸುತ್ತಿಗೆಯ ಸದ್ದು ಕೇಳಿದರೆ ಅವರ ಎದೆಗೇ ಯಾರೋ ಮೊಳೆ ಇಟ್ಟಂತಾಗುತ್ತಿತ್ತು. ಪಾಪ, ವಿಜಯ್‌ಕುಮಾರ ಕ್ಯಾಲೆಂಡರನ್ನು ಕಿಟಕಿ ಸರಳಿಗೆ ದಾರ ಕಟ್ಟಿ ತೂಗುಹಾಕಿದ. ಮದುವೆಯ ಫೋಟೊ ಹತ್ತೊಂಬತ್ತು ವರ್ಷವೂ ಬೀರುವಿನ ಮೇಲೆ ಗೋಡೆಗೆ ಒರಗಿ ಕೂತಿತ್ತು.

ಆದರೆ ಷರತ್ತು ಬಾಡಿಗೆಯವರಿಗೆ, ಪ್ರೇಮಲೀಲಮ್ಮನವರಿಗಲ್ಲ. ಹೊಸದೇನಾದರೂ ತಯಾರಾದರೆ ಅದನ್ನು ಒಂದು ಕಂಕುಳಲ್ಲೂ ಸುತ್ತಿಗೆಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಮಹಡಿ ಹತ್ತುತ್ತಿದ್ದರು. ಎಲ್ಲಿ ಚೆನ್ನಾಗಿ ಕಾಣುತ್ತದೆಂದು ತಾವೇ ನೋಡಿ, ತಾವೇ ಮೊಳೆ ಹೊಡೆದು, ತಾವೇ ಎರಡು ಹೆಜ್ಜೆ ಹಿಂದೆ ಸರಿದು ಮೆಚ್ಚಿಕೊಳ್ಳುತ್ತಿದ್ದರು. ಚಾಮುಂಡೇಶ್ವರಿ ಪಕ್ಕದಲ್ಲಿ ನಿಂತು, ತುಂಬ ಚೆನ್ನಾಗಿದೆ ಪ್ರೇಮಮ್ಮ ಎನ್ನುತ್ತಿದ್ದಳು. ಕೆಳಗೆ ಪ್ರಭುಸ್ವಾಮಿಗಳು ಸದ್ದು ಕೇಳಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಪ್ರೇಮಲೀಲಮ್ಮನವರಿಗೆ ಒಂದು ಅಭ್ಯಾಸ. ಏನೇ ಮಾಡಿದರೂ ಕೊನೆಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಮೂಲೆಯಲ್ಲಿ ಕಪ್ಪು ದಾರದ ಸಣ್ಣ ಗಂಟು ಹಾಕುವುದು. ದೃಷ್ಟಿ ಗಂಟು. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುವುದಿಲ್ಲವೇ, ಹಾಗೆ. ಅವರ ತಾಯಿ ಹಾಕುತ್ತಿದ್ದರು, ಇವರೂ ಹಾಕಿದರು. ಅದೇ ಗಂಟು ಒಂದು ದಿನ ತಮ್ಮ ನಿದ್ದೆ ಕೆಡಿಸುತ್ತದೆಂದು ಅವರು ಅಂದುಕೊಂಡಿರಲಿಲ್ಲ.

ಚಾಮುಂಡೇಶ್ವರಿಯೂ ವಿಜಯ್‌ಕುಮಾರನೂ ಹೂಟಗಳ್ಳಿಯಲ್ಲಿ ಒಂದು ಸೈಟು ಕೊಂಡು, ಎರಡು ವರ್ಷ ಹೆಣಗಾಡಿ ಮನೆ ಕಟ್ಟಿಸಿದ್ದರು. ಕಾರ್ತಿಕದಲ್ಲಿ ಗೃಹಪ್ರವೇಶ ಎಂದು ಗೊತ್ತಾಗಿತ್ತು. ಸುದ್ದಿ ಕೇಳಿದ ದಿನ ಪ್ರೇಮಲೀಲಮ್ಮ ಖುಷಿಪಟ್ಟರು, ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತರು, ಆಮೇಲೆ ಕತ್ತರಿ ಹುಡುಕಿದರು. ಹೊಸ ಮನೆಯ ಬಾಗಿಲಿಗೆ ಒಂದು ತೋರಣ. ಇದುವರೆಗೆ ಮಾಡಿದ್ದೆಲ್ಲ ಒಂದು ತೂಕ, ಇದು ಒಂದು ತೂಕ, ಹಾಗಿರಬೇಕು.

ಅದಕ್ಕೆ ಅವರು ಆರಿಸಿದ್ದು ರವಿಕೆ ಕಣ. ನಮ್ಮ ಕಡೆ ರವಿಕೆ ಕಣದ ಬಾಳು ಎಲ್ಲರಿಗೂ ಗೊತ್ತಿದ್ದದ್ದೇ. ಅರಿಸಿನ ಕುಂಕುಮಕ್ಕೆ ಹೋದವರಿಗೆ ತಾಂಬೂಲದ ಜೊತೆ ಒಂದು ಕಣ ಕೊಡುತ್ತಾರೆ. ಅದನ್ನು ಹೊಲಿಸಿದವರುಂಟೇ? ಬೀರುವಿನಲ್ಲಿಟ್ಟು ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ಅವರು ಮತ್ತೊಬ್ಬರಿಗೆ. ಒಂದೊಂದು ಕಣ ಕುವೆಂಪುನಗರ ಸುತ್ತಿ, ಸರಸ್ವತಿಪುರಂ ನೋಡಿಕೊಂಡು, ನಂಜನಗೂಡಿಗೂ ಹೋಗಿ ಬಂದಿರುತ್ತದೆ. ಪ್ರೇಮಲೀಲಮ್ಮನೇ ಒಮ್ಮೆ ತಮ್ಮ ನಾದಿನಿ ಕೊಟ್ಟ ಕಣವನ್ನು ಮರೆತು ನಾದಿನಿಗೇ ಕೊಟ್ಟು, ಎರಡು ವರ್ಷ ಆ ಮನೆಯ ಮಾತು ನಿಂತುಹೋಗಿತ್ತು. ಅಲ್ಲಿಂದೀಚೆಗೆ ಪ್ರತಿ ಕಣಕ್ಕೂ ಕೊಟ್ಟವರ ಹೆಸರಿನ ಚೀಟಿ ಸಿಕ್ಕಿಸಿಡುತ್ತಿದ್ದರು. ಈಗ ಆ ಟ್ರಂಕು ತೆರೆದು, ಇಷ್ಟು ವರ್ಷ ಅಲೆದು ಸುಸ್ತಾದ ಕಣಗಳಲ್ಲಿ ಒಳ್ಳೊಳ್ಳೆ ಬಣ್ಣದವನ್ನು ಆರಿಸಿ, ಮಾವಿನೆಲೆ ಆಕಾರಕ್ಕೆ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಅಂಚಿಗೆ ಹುಣಸೆಬೀಜ ಹೊಲಿದು, ತೆಂಗಿನ ನಾರಿನ ಹುರಿಗೆ ಪೋಣಿಸತೊಡಗಿದರು. ಗೌರಿ ಹಬ್ಬದ ಹೊತ್ತಿಗೆ ಹದಿನಾಲ್ಕು ಎಲೆ ಆಗಿದ್ದವು.

ಗೌರಿ ಹಬ್ಬದ ಸಂಜೆ ಅದೇ ಬೀದಿಯ ಶಿವನಂಜಮ್ಮನವರ ಮನೆಯಲ್ಲಿ ಅರಿಸಿನ ಕುಂಕುಮ. ಹೂವು, ಹಣ್ಣು, ಬಾಗಿನ ಎಲ್ಲ ಆದ ಮೇಲೆ ಶಿವನಂಜಮ್ಮ, ನಿಮಗೆ ಕೈಕೆಲಸ ಅಂದರೆ ಪ್ರಾಣ ಅಂತ ಎತ್ತಿಟ್ಟಿದ್ದೆ ಎಂದು ಒಂದು ಕವರು ಕೈಗಿಟ್ಟರು. ಪ್ರೇಮಲೀಲಮ್ಮ ಅಲ್ಲೇ ತೆರೆದು ನೋಡಿದರು. ಒಳಗಿಂದ ಎರಡು ದುಂಡನೆ ಕಣ್ಣು ಅವರನ್ನೇ ನೋಡಿದವು.

ಗೂಬೆ. ತೆಂಗಿನ ಚಿಪ್ಪಿನ ಗೂಬೆ. ಮೂರು ವರ್ಷದ ಹಿಂದೆ ಫೋನಿನಲ್ಲಿ ಯಾರೋ ಉತ್ತರದ ಕಡೆಯ ಹೆಂಗಸು, ಇದು ಲಕ್ಷ್ಮಿಯ ವಾಹನ, ಮನೆಯಲ್ಲಿದ್ದರೆ ಐಶ್ವರ್ಯ ಎಂದು ಹೇಳಿ ಮಾಡಿ ತೋರಿಸಿದ್ದನ್ನು ನೋಡಿ ಪ್ರೇಮಲೀಲಮ್ಮ ಹದಿನೈದು ದಿನ ಕೂತು ಮಾಡಿ, ಮಹಡಿ ಮನೆಯ ಗೋಡೆಗೆ ತಾವೇ ನೇತುಹಾಕಿದ್ದು. ಆಮೇಲೊಮ್ಮೆ ಅಲ್ಲಿ ಕಾಣದಿದ್ದಾಗ, ಧೂಳು ಕೂರದಿರಲೆಂದು ಎತ್ತಿಟ್ಟಿದ್ದಾರೆ ಅಂದುಕೊಂಡಿದ್ದರು. ಎಡ ರೆಕ್ಕೆಯ ಕೆಳಗೆ ಬೆರಳು ಹಾಕಿ ನೋಡಿದರು. ಕಪ್ಪು ಗಂಟು ಇತ್ತು. ಯಾರು ಕೊಟ್ಟದ್ದು ಎಂದು ಕೇಳಿದ್ದಕ್ಕೆ ಶಿವನಂಜಮ್ಮ ಏನೂ ಅರಿಯದೆ ಹೇಳಿಬಿಟ್ಟರು, ನಿಮ್ಮ ಮಹಡಿ ಮನೆ ಚಾಮುಂಡೇಶ್ವರಿ, ಎರಡು ವರ್ಷದ ಹಿಂದಿನ ವರಮಹಾಲಕ್ಷ್ಮಿ ಹಬ್ಬದಲ್ಲಿ, ಜೋಪಾನವಾಗಿ ಬೀರುವಿನಲ್ಲೇ ಇಟ್ಟಿದ್ದೆ ನೋಡಿ, ಒಂದು ದಿನವೂ ಹೊರಗೆ ತೆಗೆದಿಲ್ಲ ಎಂದು.

ಮನೆಗೆ ಬಂದು ಗೂಬೆಯನ್ನು ಊಟದ ಮೇಜಿನ ಮೇಲಿಟ್ಟು ಕುಳಿತರು. ಪ್ರಭುಸ್ವಾಮಿಗಳು ನೋಡಿದರು, ಹೆಂಡತಿಯ ಮುಖ ನೋಡಿದರು, ಸಮಾಧಾನ ಹೇಳಲು ಹೊರಟರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಹೇಳಿದ ಯಾವ ಸಮಾಧಾನವೂ ಕೆಲಸ ಮಾಡಿದ್ದಿಲ್ಲ, ಆದರೂ ಮನುಷ್ಯ ಪ್ರಯತ್ನ ಬಿಟ್ಟವರಲ್ಲ.

"ಗೂಬೆ ಕಣೇ ಅದು. ಯಾರು ಮನೇಲಿ ಇಟ್ಕೋತಾರೆ ಹೇಳು?"

"ಬೇಡ ಅಂತ ನನ್ಗೇ ಹೇಳ್ಬೋದಿತ್ತಲ್ರೀ. ವಾಪಸ್ ಕೊಟ್ಟಿದ್ರೆ ನಾನೇನು ಬೇಜಾರು ಮಾಡ್ಕೋತಿದ್ನಾ?"

"ಎಂಗೆ ಹೇಳ್ತಾಳೆ? ನಾವು ಮನೆ ಓನರ್ಸು. ಅವ್ಳು ಬಾಡಿಗೇಲಿರೋಳು."

ಅಷ್ಟೇ. ಗೂಬೆಯ ದುಃಖ ಅಲ್ಲಿಗೆ ಮುಗಿಯಿತು, ಅದಕ್ಕಿಂತ ದೊಡ್ಡದು ಶುರುವಾಯಿತು. ಪ್ರೇಮಲೀಲಮ್ಮನವರಿಗೆ ಇಷ್ಟು ವರ್ಷ ಹೊಳೆಯದ ವಿಷಯ ಅದು. ಮಹಡಿ ಹತ್ತಿ ಸುತ್ತಿಗೆ ಹಿಡಿದು ನಿಂತವರಿಗೆ ಬಾಡಿಗೆಯವಳು ಚೆನ್ನಾಗಿಲ್ಲ ಎಂದು ಹೇಳುವುದುಂಟೇ? ಹನ್ನೊಂದು ತಿಂಗಳಿಗೊಮ್ಮೆ ಕರಾರು ಪತ್ರಕ್ಕೆ ರುಜು ಹಾಕಬೇಕಾದವಳು ಏನು ತಾನೆ ಹೇಳಿಯಾಳು? ತುಂಬ ಚೆನ್ನಾಗಿದೆ ಪ್ರೇಮಮ್ಮ ಎಂಬ ಆ ಮಾತು ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಕಿವಿಗೆ ಬಿದ್ದಿತ್ತೋ. ಅದರಲ್ಲಿ ಸ್ನೇಹದ್ದೆಷ್ಟು, ಹೆದರಿಕೆಯದ್ದೆಷ್ಟು? ಅವಳಿಗೆ ಹೆರಿಗೆಯಾದಾಗ ಸಾರು ಮಾಡಿ ಹೊತ್ತುಕೊಂಡು ಹೋದದ್ದು, ತಾವು ಕಾಲು ಮುರಿದುಕೊಂಡು ಮಲಗಿದ್ದಾಗ ಅವಳು ತಿಂಗಳುಗಟ್ಟಲೆ ತಲೆ ಬಾಚಿದ್ದು, ಅದೆಲ್ಲ ಕೂಡ ಬಾಡಿಗೆಯ ಲೆಕ್ಕದಲ್ಲೇ ಹೋಗುತ್ತದೆಯೇ? ಒಬ್ಬಳೇ ಒಬ್ಬಳು ತಮ್ಮ ಕೈಕೆಲಸ ಮೆಚ್ಚುತ್ತಾಳೆಂದು ನಂಬಿದ್ದರು. ಆ ಒಬ್ಬಳ ಗೋಡೆಗೂ ತಾವೇ ಮೊಳೆ ಹೊಡೆದಿದ್ದರು.

ತೋರಣ ಹದಿನಾಲ್ಕು ಎಲೆಗೇ ನಿಂತಿತು. ಟ್ರಂಕಿನ ತಳಕ್ಕೆ ಹೋಯಿತು. ಕತ್ತರಿಯ ಸದ್ದಿಲ್ಲದ ಮನೆಯಲ್ಲಿ ಪ್ರಭುಸ್ವಾಮಿಗಳಿಗೆ ಪೇಪರು ಓದುವುದೇ ಕಷ್ಟವಾಯಿತು. ಎರಡು ದಿನ ನೋಡಿ, ಮೂರನೆಯ ದಿನ ತಾವೇ ಒಂದು ತೆಂಗಿನ ಚಿಪ್ಪು ತಂದು ಹೆಂಡತಿಯ ಕಣ್ಣಿಗೆ ಬೀಳುವಂತೆ ಇಟ್ಟರು. ಪ್ರೇಮಲೀಲಮ್ಮ ಅದನ್ನು ಕಸದ ಗಾಡಿಗೆ ಹಾಕಿದರು. ಆಗ ಪ್ರಭುಸ್ವಾಮಿಗಳಿಗೆ ನಿಜವಾಗಿ ಗಾಬರಿಯಾಯಿತು. ಹೋಗಿ ಅವಳನ್ನೇ ಕೇಳಿಬಿಡು ಎಂದರು. ಏನಂತ ಕೇಳುವುದು, ಬಾಡಿಗೆ ಮನೆಯಲ್ಲಿದ್ದುಕೊಂಡು ಅವಳು ನಿಜ ಹೇಳುತ್ತಾಳೆಯೇ ಎಂದು ಪ್ರೇಮಲೀಲಮ್ಮ ತಿರುಗಿ ಕೇಳಿದರು.

ಚಾಮುಂಡೇಶ್ವರಿ ಮಾತ್ರ ಎಂದಿನಂತೆ ಬರುತ್ತಿದ್ದಳು, ಹೋಗುತ್ತಿದ್ದಳು. ಈಗ ಏನು ಮಾಡುತ್ತಿದ್ದೀರಿ ಪ್ರೇಮಮ್ಮ ಎಂದು ಎರಡು ಸಲ ಕೇಳಿದಳು. ಏನಿಲ್ಲ, ಕಣ್ಣು ಮಂಜು ಎಂದರು ಇವರು. ಹೊಸ ಮನೆಯ ಬಾಗಿಲು ತೇಗದ್ದು, ಮೂರೂವರೆ ಅಡಿ ಅಗಲ ಎಂದು ಅವಳು ಎರಡು ಕೈಯನ್ನೂ ಚಾಚಿ ತೋರಿಸಿದಳು. ಸ್ವಂತ ಮನೆಯ ಜಂಬ ಎಂದುಕೊಂಡರು ಇವರು. ಮನಸ್ಸು ಒಮ್ಮೆ ಮುದುಡಿದರೆ ಕಿವಿಯೂ ಮುದುಡುತ್ತದೆಯೋ ಏನೋ.

ಮನೆ ಖಾಲಿ ಮಾಡುವ ವಾರ ಗುಜರಿಯವನ ಗಾಡಿ ಬಂದು ಮನೆ ಮುಂದೆ ನಿಂತಿತು. ಪ್ರೇಮಲೀಲಮ್ಮ ಪರದೆಯ ಹಿಂದೆ ನಿಂತು ನೋಡಿದರು. ಹಳೆ ಪೇಪರು, ಮುರಿದ ಬಕೆಟ್ಟು, ಅದರ ಮೇಲೆ ಅವರದೇ ಕೈಯಿಂದ ಹೆಣೆದ ಸೀರೆಯ ಕಾಲೊರಸು. ಅವರಿಗೆ ಇನ್ನೇನೂ ನೋಡಬೇಕೆನಿಸಲಿಲ್ಲ. ಮರುದಿನ ದೇವರಾಜ ಅರಸು ರಸ್ತೆಗೆ ಹೋಗಿ, ಗೃಹಪ್ರವೇಶಕ್ಕೆಂದು ಒಂದು ಗೋಡೆ ಗಡಿಯಾರ ಕೊಂಡು, ಅಂಗಡಿಯವನ ಕೈಯಲ್ಲೇ ಬಣ್ಣದ ಕಾಗದ ಸುತ್ತಿಸಿಕೊಂಡು ಬಂದರು. ಬಾಳಿನಲ್ಲಿ ಮೊದಲ ಸಲ ಅವರು ಅಂಗಡಿಯಿಂದ ತಂದ ಉಡುಗೊರೆ ಅದು.

ಗೃಹಪ್ರವೇಶದ ದಿನ ಬೆಳಿಗ್ಗೆ ಗಂಡ ಹೆಂಡತಿ ಆಟೊ ಹಿಡಿದು ಹೂಟಗಳ್ಳಿಗೆ ಹೋದರು. ಹೊಸ ಬಡಾವಣೆ, ಅರ್ಧ ಮನೆ ಅರ್ಧ ಖಾಲಿ ಸೈಟು. ಚಾಮುಂಡೇಶ್ವರಿಯ ಮನೆಗೆ ಹಸಿರು ಬಣ್ಣ. ಪ್ರೇಮಲೀಲಮ್ಮನವರ ಕಣ್ಣು ಎಷ್ಟೆಂದರೂ ಕೈಕೆಲಸದವರ ಕಣ್ಣು, ಮೊದಲು ಬಿದ್ದದ್ದು ಬಾಗಿಲಿನ ಮೇಲೆ. ಮಾವಿನೆಲೆಯ ತೋರಣ ಸೊಟ್ಟಗಿತ್ತು. ಬಾಗಿಲ ಚೌಕಟ್ಟಿಗೆ ಕಟ್ಟುವುದು ಬಿಟ್ಟು ಆ ಕಡೆ ಕಿಟಕಿಯ ಸರಳಿಗೂ ಈ ಕಡೆ ನೀರಿನ ಪೈಪಿಗೂ ಕಟ್ಟಿ, ಒಂದು ಬದಿ ಮೇಲೆ ಒಂದು ಬದಿ ಕೆಳಗೆ ಎಳೆದಿದ್ದರು. ಅದರ ಹಿಂದೆ ಹೊಸ ತೇಗದ ಚೌಕಟ್ಟಿನಲ್ಲಿ ಎರಡು ಹಿತ್ತಾಳೆ ಮೊಳೆಗಳು ಬರಿದಾಗಿ ಹೊಳೆಯುತ್ತಿದ್ದವು. ಮೊಳೆ ಇಟ್ಟುಕೊಂಡು ಪೈಪಿಗೆ ಕಟ್ಟುವವರನ್ನು ಏನನ್ನಬೇಕು ಎಂದುಕೊಂಡು ಒಳಗೆ ಹೋದರು.

ಹಾಲು ಉಕ್ಕಿಸಿ ಆಗಿತ್ತು. ನಡುಮನೆಯ ಒಂದು ಮೇಜಿನ ಮೇಲೆ ಉಡುಗೊರೆಗಳು. ಅದರಲ್ಲಿ ಐದು ಗಡಿಯಾರ ಎಂದು ನೋಡಿದರೇ ಗೊತ್ತಾಗುತ್ತಿತ್ತು, ಚೌಕಾಕಾರದ ಪೆಟ್ಟಿಗೆಗಳು. ವಿಜಯ್‌ಕುಮಾರ ಹೊಸ ಪಂಚೆ ಎತ್ತಿ ಹಿಡಿದುಕೊಂಡು ಓಡಿ ಬಂದು ಸಾರ್‌ಗೆ ಕುರ್ಚಿ ಹಾಕಿದ. ಚಾಮುಂಡೇಶ್ವರಿ ರೇಷ್ಮೆ ಸೀರೆಯುಟ್ಟು ನಗುತ್ತ ಬಂದಳು. ಪ್ರೇಮಲೀಲಮ್ಮ ಪೆಟ್ಟಿಗೆ ಕೊಟ್ಟರು. ಅವಳು ಎರಡು ಕೈಯಲ್ಲಿ ತೆಗೆದುಕೊಂಡಳು. ಅಂಗಡಿಯವನು ಬ್ಯಾಟರಿ ಹಾಕಿಯೇ ಕೊಟ್ಟಿದ್ದ ಅಂತ ಕಾಣುತ್ತದೆ, ಕಾಗದದೊಳಗಿಂದ ಟಿಕ್ ಟಿಕ್ ಎನ್ನುತ್ತಿತ್ತು. ಚಾಮುಂಡೇಶ್ವರಿಯ ಮುಖದ ನಗು ಹಾಗೇ ಇಳಿದುಹೋಯಿತು. ಅದನ್ನು ಆ ಐದರ ಪಕ್ಕ ಇಟ್ಟು, ಊಟದ ಏರ್ಪಾಟು ನೋಡುತ್ತೇನೆಂದು ಒಳಗೆ ಹೋದಳು.

ಪ್ರೇಮಲೀಲಮ್ಮ ಒಂದು ಮೂಲೆಯಲ್ಲಿ ಕುಳಿತು ಸುತ್ತ ನೋಡಿದರು. ಟಿವಿ ಇಡಲು ಹೊಳೆಯುವ ಕಪಾಟು, ಮೇಲೆ ಬಣ್ಣದ ದೀಪ, ಪ್ಲಾಸ್ಟಿಕ್ ಹೂವಿನ ಕುಂಡ. ತಮ್ಮ ಕೈಯದು ಒಂದೂ ಇಲ್ಲ. ಮದುವೆಯ ಫೋಟೊ ಮಾತ್ರ ಎದುರು ಗೋಡೆಯ ಮೇಲೆ ಮೊಳೆಗೆ ನೇತುಬಿದ್ದಿತ್ತು, ಹತ್ತೊಂಬತ್ತು ವರ್ಷದ ಮೇಲೆ.

ಊಟವಾದ ಮೇಲೆ, ಇನ್ನೇನು ಹೊರಡಬೇಕು, ಚಾಮುಂಡೇಶ್ವರಿ ಅವರ ಕೈ ಹಿಡಿದು ಬಾಗಿಲ ಹೊರಗೆ ಕರೆದುಕೊಂಡು ಹೋದಳು. ಕಣ್ಣು ಕೆಂಪಾಗಿತ್ತು. ಹೊಗೆಯಿಂದ ಇರಬಹುದು ಎಂದುಕೊಳ್ಳಲು ಒಳಗೆ ಉರಿಯುತ್ತಿದ್ದದ್ದು ಗ್ಯಾಸ್ ಒಲೆ.

"ಅಲ್ಲಾ ಪ್ರೇಮಮ್ಮ, ನಿಮ್ಮನೇಲಿದ್ದಾಗ ಕೇಳ್ದೆ ಇದ್ರೂ ತಂದು ಕೊಡ್ತಿದ್ರಿ. ಮನೆ ಬಿಟ್ಟು ಬಂದ ತಕ್ಷಣ ನಾವು ಹೊರಗಿನೋರು ಆಗ್ಬುಟ್ವಾ? ಎಲ್ಲಾರಂಗೆ ಗಡಿಯಾರ ತಂದ್ಬುಟ್ರಲ್ಲ."

ಪ್ರೇಮಲೀಲಮ್ಮನವರಿಗೆ ಮೊದಲು ಅರ್ಥವೇ ಆಗಲಿಲ್ಲ. ಅವಳು ಚೌಕಟ್ಟಿನ ಕಡೆ ಕೈ ತೋರಿಸಿದಳು. ಹೊಸ ತೇಗಕ್ಕೆ ಮೊಳೆ ಹೊಡೆಯಲು ವಿಜಯ್‌ಕುಮಾರ ಒಪ್ಪಿರಲಿಲ್ಲವಂತೆ. ಎರಡು ದಿನ ಜಗಳವಾಡಿ ಹೊಡೆಸಿದ್ದಳಂತೆ, ಪ್ರೇಮಮ್ಮ ಹೊಸ ಬಾಗಿಲಿಗೆ ತೋರಣ ತರದೆ ಇರುವವರಲ್ಲ, ಬಂದು ಮೊಳೆ ಹುಡುಕುವ ಹಾಗಾಗಬಾರದು ಎಂದು. ಬೆಳಿಗ್ಗೆ ಮಾವಿನ ತೋರಣವನ್ನೂ ಆ ಮೊಳೆಗೆ ಕಟ್ಟಗೊಡಲಿಲ್ಲವಂತೆ. ಬಾಗಿಲಿನ ಅಗಲವನ್ನು ಎರಡು ಕೈಯನ್ನೂ ಚಾಚಿ ತೋರಿಸಿದ್ದೆನಲ್ಲ, ನಿಮಗೆ ಅಳತೆ ಬೇಕಾಗುತ್ತೆ ಅಂತ ಎಂದಳು.

ಪ್ರೇಮಲೀಲಮ್ಮನವರ ಬಾಯಿಗೆ ಬಂದದ್ದು ಮಾತ್ರ ಬೇರೆಯೇ.

"ನೀನು ಗೂಬೇನ ಶಿವನಂಜಮ್ಮಂಗೆ ಕೊಟ್ಬುಟ್ಯಲ್ಲೇ."

ಚಾಮುಂಡೇಶ್ವರಿ ನಾಲಿಗೆ ಕಚ್ಚಿಕೊಂಡಳು. ಒಂದು ಗಳಿಗೆ ಹಳೆಯ ಬಾಡಿಗೆಯವಳ ಮುಖ ಬಂತು, ಏನಾದರೂ ಹೇಳಿ ಜಾರಿಕೊಳ್ಳುವ ಮುಖ. ಆಮೇಲೆ ತನ್ನ ಬಾಗಿಲನ್ನೊಮ್ಮೆ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೂಂ, ಕೊಟ್ಟೆ. ಸುಳ್ಳು ಹೇಳಲ್ಲ. ನಮ್ಮತ್ತೆ ಊರಿಂದ ಬಂದೋರು ಅದ್ನ ನೋಡಿ ಎರಡ್ ದಿನ ಊಟ ಬಿಟ್ರು. ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ, ನೀವು ಮಾಡಿದ್ದು. ನಿಮ್ಗೆ ಹೇಳಕ್ಕೆ ಧೈರ್ಯ ಇರ್ಲಿಲ್ಲ. ನಿಮ್ಮ ಗೋಡೆ, ನಿಮ್ಮ ಸುತ್ತಿಗೆ. ಈಗ ನಮ್ಮನೇಲಿ ನಿಂತು ಹೇಳ್ತಿದೀನಿ, ಆ ಗೂಬೆ ನಂಗೆ ಒಂದಿನಾನೂ ಹಿಡಿಸ್ಲಿಲ್ಲ. ಆ ಬಾಟ್ಲಿ ಮುಚ್ಚಳದ ಗಣಪತೀನೂ ಹಿಡಿಸ್ಲಿಲ್ಲ."

"ಗಣಪತೀನೂನಾ?"

"ಸೊಂಡ್ಲು ಎಲ್ಲಿದೆ ಅಂತ ಬಂದೋರೆಲ್ಲ ಕೇಳೋರು."

ಪ್ರೇಮಲೀಲಮ್ಮ ಕೋಪ ಮಾಡಿಕೊಳ್ಳಬೇಕೆಂದುಕೊಂಡರು. ಬರಲಿಲ್ಲ. ಆ ಸೊಂಡಿಲಿನ ವಿಷಯ ಅವರಿಗೂ ಒಳಗೊಳಗೇ ಅನುಮಾನವಿತ್ತು. ಕಾಲೊರಸನ್ನು ಗುಜರಿಗೆ ಹಾಕಿದೆಯಲ್ಲ ಎಂದು ಕೊನೆಯ ಬಾಣ ಬಿಟ್ಟರು. ಏಳು ವರ್ಷ ಮೂರು ಜನ ತುಳಿದರೆ ಸವೆಯುವುದಿಲ್ಲವೇ, ನೂಲೆಲ್ಲ ಕಿತ್ತು ಬಂದಿತ್ತು ಎಂದಳು ಅವಳು. ಆಮೇಲೆ ಮೆಲ್ಲಗೆ, ತನು ತೊಟ್ಟಿಲಿಗೆ ನೀವು ಮಾಡಿಕೊಟ್ಟ ಬಟ್ಟೆ ಗಿಣಿಗಳು ಅವಳ ಓದುವ ಮೇಜಿನ ಮೇಲೆ ತೂಗುತ್ತಿವೆ, ಬೇಕಾದರೆ ಮೇಲೆ ಹೋಗಿ ನೋಡಿ, ಕಾಲೇಜಿಗೆ ಹೋಗುವ ಹುಡುಗಿ, ಬೇಡ ಎಂದರೂ ತೆಗೆಯಗೊಡುವುದಿಲ್ಲ ಎಂದಳು.

ಪ್ರೇಮಲೀಲಮ್ಮ ಅಲ್ಲೇ ಹೊಸ್ತಿಲ ಪಕ್ಕದ ಜಗಲಿಯ ಮೇಲೆ ಕುಳಿತುಬಿಟ್ಟರು. ಎರಡು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದದ್ದು ಅವರಿಗೇ ಗೊತ್ತಾಯಿತು. ಬೇಡವಾದದ್ದನ್ನು ಬೇಡವೆಂದು ಮುಖದ ಮೇಲೆ ಹೇಳಿದವಳು, ಬೇಕು ಎಂದರೆ ಅದನ್ನು ನಂಬಬಹುದು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಮಾಡಿಕೊಡಿ ಎಂದು ಕೇಳಿದವರಿಲ್ಲ. ಕೇಳಿ ಜಗಳವಾಡಿದವರಂತೂ ಇಲ್ಲವೇ ಇಲ್ಲ.

"ಹದಿನಾಲ್ಕು ಎಲೆ ಆಗಿದೆ ಕಣಮ್ಮ" ಎಂದರು. "ಟ್ರಂಕಲ್ಲಿದೆ."

ಆಮೇಲಿನ ಹದಿನೈದು ದಿನ ಫೋನಿನಲ್ಲಿ ನಡೆದ ರಂಪ ಇಲ್ಲಿ ಹೇಳಿ ಪೂರೈಸುವುದಲ್ಲ. ಒಂದೊಂದು ಎಲೆಯ ಫೋಟೊ ಚಾಮುಂಡೇಶ್ವರಿಗೆ ಹೋಗಬೇಕು, ಅವಳು ಒಪ್ಪಬೇಕು. ಸಾಸಿವೆ ಬಣ್ಣ ಬೇಡ, ತೇಗಕ್ಕೆ ಹೊಂದುವುದಿಲ್ಲ ಎಂದಳು. ನಿನಗೇನು ಗೊತ್ತು ಬಣ್ಣದ ವಿಷಯ ಎಂದು ಇವರು ಫೋನಿಟ್ಟರು. ಹತ್ತು ನಿಮಿಷಕ್ಕೆ ತಾವೇ ಮತ್ತೆ ಫೋನು ಮಾಡಿ, ಸಾಸಿವೆ ತೆಗೆದು ಎಲೆಹಸಿರು ಹಾಕಲೇ ಎಂದು ಕೇಳಿದರು. ಕನ್ನಡಿ ಚೂರು ಬೇಡ ಎಂದಳು. ಅದಕ್ಕೂ ಒಂದು ದಿನ ಮಾತು ನಿಂತಿತು. ಅವಳು ತನ್ನ ಮದುವೆಯಲ್ಲಿ ಬಂದ, ಯಾರಿಗೂ ದಾಟಿಸದೆ ಇಟ್ಟುಕೊಂಡಿದ್ದ ಒಂದೇ ಒಂದು ರೇಷ್ಮೆ ಕಣವನ್ನು ತನುಶ್ರೀಯ ಕೈಯಲ್ಲಿ ಕಳಿಸಿ, ಇದರಲ್ಲೂ ಒಂದು ಎಲೆ ಆಗಲಿ ಎಂದಳು. ತನುಶ್ರೀ ಬಂದವಳು ಅಲ್ಲೇ ಕುಳಿತು ಆ ಎಲೆಯನ್ನು ತಾನೇ ಹೊಲಿದಳು. ಹೊಲಿಗೆ ಎಲ್ಲೆಲ್ಲೋ ಓಡಿತ್ತು. ಪ್ರೇಮಲೀಲಮ್ಮ ಬಿಚ್ಚಿಸಲಿಲ್ಲ. ಪ್ರಭುಸ್ವಾಮಿಗಳು ಕತ್ತರಿಯ ಸದ್ದು ಕೇಳುತ್ತ ಪೇಪರಿನ ಜಾಹೀರಾತುಗಳನ್ನೂ ಬಿಡದೆ ಓದಿದರು. ಗೂಬೆಯನ್ನು ಹಿತ್ತಲ ಸೀಬೆಮರಕ್ಕೆ ಕಟ್ಟಿದ್ದಾಯಿತು. ಆ ವರ್ಷ ಅಳಿಲಿನ ಕಾಟ ಕಡಿಮೆಯಾಯಿತೆಂದು ಅವರು ಈಗಲೂ ಹೇಳುತ್ತಾರೆ.

ಒಂದು ಭಾನುವಾರ ತೋರಣ ಹೂಟಗಳ್ಳಿಗೆ ಹೋಯಿತು. ದೃಷ್ಟಿ ಗಂಟನ್ನು ಪ್ರೇಮಲೀಲಮ್ಮ ಹಾಕಿರಲಿಲ್ಲ. ಕಪ್ಪು ದಾರವನ್ನು ಚಾಮುಂಡೇಶ್ವರಿಯ ಕೈಗೆ 
ಕೊಟ್ಟು, ನಿನ್ನ ಮನೆ, ನೀನೇ ಹಾಕು ಎಂದರು. ಅವಳು ಮೂಲೆಯಲ್ಲೆಲ್ಲೂ ಮುಚ್ಚಿಡಲಿಲ್ಲ. ಸರಿಯಾಗಿ ನಡುವೆ, ರೇಷ್ಮೆ ಎಲೆಯ ನೆತ್ತಿಯ ಮೇಲೆ, ಹೋಗುವವರಿಗೂ ಬರುವವರಿಗೂ ಕಾಣುವಂತೆ ದಪ್ಪಗೆ ಹಾಕಿದಳು. ಇನ್ನು ಇದನ್ನು ಯಾರಿಗೂ ದಾಟಿಸಲಾಗದು ಎಂದು ನಕ್ಕಳು.

ಎರಡು ಹಿತ್ತಾಳೆ ಮೊಳೆಗೆ ಎರಡು ತುದಿ ಸಿಕ್ಕಿಸಿದ್ದಾಯಿತು. ಆದರೆ ತನುಶ್ರೀಯ ಎಲೆ ಸೇರಿ ತೋರಣ ಉದ್ದವಾಗಿಬಿಟ್ಟಿತ್ತು. ನಡುವೆ ಜೋತುಬಿದ್ದು, ಒಳಗೆ ಹೋದ ವಿಜಯ್‌ಕುಮಾರನ ತಲೆಗೆ ತಾಗಿತು. ಒಂದು ಎಲೆ ತೆಗೆದರೆ ಸರಿಯಾಗುತ್ತದೆ ಎಂದು ಅವನು ಹೇಳಿದ. ಯಾವ ಎಲೆ ಎಂದು ಮೂವರು ಹೆಂಗಸರೂ ಒಟ್ಟಿಗೆ ಅವನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿ ತೋರಣದ ಕೆಳಗಿಂದ ನುಸುಳಿದ.

ಅಷ್ಟು ಹೊತ್ತೂ ಬದಿಯಲ್ಲಿ ನಿಂತಿದ್ದ ಪ್ರಭುಸ್ವಾಮಿಗಳು ಸ್ಟೂಲು ಎಳೆದುಕೊಂಡು ಹತ್ತಿದರು. ಸುತ್ತಿಗೆ ಕೇಳಿ ತೆಗೆದುಕೊಂಡರು. ಒಂದು ಮೊಳೆಯನ್ನು ಚೌಕಟ್ಟಿನ ನಡುವೆ, ಆ ಕಪ್ಪು ಗಂಟು ಬರುವ ಕಡೆ ಇಟ್ಟರು. ಸುತ್ತಿಗೆ ಎತ್ತಿದವರು ಹಾಗೇ ನಿಂತುಬಿಟ್ಟರು. ಪ್ರೇಮಲೀಲಮ್ಮ ನೋಡುತ್ತಿದ್ದರು. ಗಂಡ ಕೈ ಇಳಿಸಿ, ಸ್ಟೂಲಿನ ಮೇಲಿಂದಲೇ ಚಾಮುಂಡೇಶ್ವರಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು.

"ಇಲ್ಲೊಂದು ಮೊಳೆ ಹೊಡೀಬೋದೇನಮ್ಮಾ?"

ಚಾಮುಂಡೇಶ್ವರಿ ಬಾಗಿಲ ಎದುರಿಗೆ ಬಂದು ನಿಂತಳು. ಎರಡು ಹೆಜ್ಜೆ ಹಿಂದೆ ಸರಿದಳು, ತಲೆ ಓರೆ ಮಾಡಿ ಚೌಕಟ್ಟನ್ನು ಆ ಕಡೆಯಿಂದ ಈ ಕಡೆಗೆ ನೋಡಿದಳು. ಹತ್ತೊಂಬತ್ತು ವರ್ಷ ಕಾದವಳು, ಇನ್ನೆರಡು ಗಳಿಗೆ ಕಾದಳು.

"ಸ್ವಲ್ಪ ಎಡಕ್ಕೆ ಸಾರ್" ಎಂದಳು. "ಹೂಂ, ಅಲ್ಲೇ. ಹೊಡೀರಿ."